ಒಳಗೆ ಬಿಟ್ಟ ಅರ್ಧ ಇಂಚು

ನಮ್ಮ ಹುಡುಗಿಗೆ ಪ್ಲಾನಮ್ಮ ಅಂತ ಹೆಸರಿಟ್ಟವಳು ನಾನೇ. ನನ್ನ ಅಣ್ಣನ ಮಗಳು. ಎಂಟನೇ ತರಗತಿಯಲ್ಲಿದ್ದಾಗಲೇ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಯಾವ ವರ್ಷ ಯಾವ ಪರೀಕ್ಷೆ, ಯಾವ ವಯಸ್ಸಿಗೆ ಯಾವ ಕೆಲಸ ಎಂದು ಗೆರೆ ಎಳೆದಿದ್ದಳು. "ಮದುವೆ ಯಾವ ಗೆರೇಲಿದೆಯೇ?" ಎಂದು ಕೇಳಿದೆ. "ಹಾಳೆ ಸಾಲಲಿಲ್ಲ ಅತ್ತೆ" ಎಂದಳು. ಬಾಯಿ ಜೋರು. ಅದು ನನ್ನಿಂದಲೇ ಬಂದದ್ದು ಎಂದು ಅಣ್ಣನ ದೂರು.

ಅಣ್ಣ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಹತ್ತಿರ ಅವನ ಮೆಷಿನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯ ಸ್ಟೂಲಿನ ಮೇಲೆ ನಾನು. ಕಾಜಾ ಹಾಕುವುದು, ಗುಂಡಿ ಹಚ್ಚುವುದು ನನ್ನ ಪಾಲಿನ ಕೆಲಸ. ಅತ್ತಿಗೆಗೆ ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಲೈಬ್ರರಿ. ಹಾಗಾಗಿ ಹುಡುಗಿ ಬೆಳೆದದ್ದೇ ಆ ಮೇಜಿನ ಕೆಳಗೆ, ತುಂಡು ಬಟ್ಟೆಗಳ ನಡುವೆ. ಹನ್ನೆರಡು ತುಂಬುವ ಹೊತ್ತಿಗೆ ಗಿರಾಕಿಗಳ ಅಳತೆ ತೆಗೆಯುವುದರಲ್ಲಿ ಅಪ್ಪನನ್ನೇ ಮೀರಿಸಿದ್ದಳು.

ಆ ಹಾಳೆಯಲ್ಲಿ ಮೊದಲು ಬರೆದದ್ದು ಡಾಕ್ಟರು. ಅದನ್ನು ಅಳಿಸಿ ಹಾಕಿಸಿದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಅವರದು ಒಂದು ಕಾಲು ಕೃತಕ. ಬಲಗಾಲಿನ ಪ್ಯಾಂಟು ಮೊಣಕಾಲಿನ ಹತ್ತಿರ ತಿಂಗಳೊಳಗೆ ಸವೆಯುತ್ತದೆ ಎಂದು ತೇಪೆ ಹಾಕಿಸಲು ಬಂದಿದ್ದರು. ನಮ್ಮವಳು ಸುಮ್ಮನಿರುವ ಪೈಕಿಯೇ? "ಅದು ಹೇಗೆ ಕೂರುತ್ತೆ ಸರ್, ಒಂದ್ಸಲ ನೋಡಬಹುದಾ?" ಎಂದುಬಿಟ್ಟಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೇಷ್ಟ್ರು ಮಾತ್ರ ಬೆಂಚಿನ ಮೇಲೆ ಕೂತು, ಕಾಲು ಬಿಚ್ಚಿ, ಪಾಠ ಮಾಡುವವರ ಹಾಗೆ ಎಲ್ಲವನ್ನೂ ತೋರಿಸಿದರು. ಎಲ್ಲಿ ಉಜ್ಜುತ್ತದೆ, ಎಲ್ಲಿ ಗಾಯವಾಗುತ್ತದೆ ಎಂದರು. ಇಂಥ ಕಾಲು ಮಾಡುವುದನ್ನು ಕಲಿಸುವ ಕಾಲೇಜೇ ಇದೆ ಎಂದೂ ಹೇಳಿದರು. ಅವತ್ತು ಅವರು ಗದರಿಸಿ ಎದ್ದು ಹೋಗಿದ್ದರೆ ಏನಾಗುತ್ತಿತ್ತೋ. ಆ ಮನುಷ್ಯನನ್ನು ನೆನೆಯದ ದಿನವಿಲ್ಲ.

ಕಾಲೇಜಿನಲ್ಲಿ ಇದ್ದದ್ದು ಹದಿನೈದೇ ಜಾಗ. ನಾಲ್ಕು ವರ್ಷ ಅದೊಂದನ್ನೇ ಗುರಿ ಇಟ್ಟುಕೊಂಡು ಓದಿದಳು. ಬೇರೆ ಯಾವ ಕಾಲೇಜಿಗೂ ಅರ್ಜಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದಳು. ಲಿಖಿತ ಪರೀಕ್ಷೆ ದಾಟಿತು. ಉಳಿದದ್ದು ಕೈಕೆಲಸದ ಪರೀಕ್ಷೆ: ಮೊಣಕಾಲಿನ ಕೆಳಗೆ ಕಾಲಿಲ್ಲದ ಒಬ್ಬರ ಅಳತೆ ತೆಗೆದು, ಕಾಲು ಕೂರುವ ಬಟ್ಟಲನ್ನು ದಪ್ಪ ಕಾಗದದಲ್ಲಿ ಮಾಡಿ ತೊಡಿಸಬೇಕು.

ಅಲ್ಲೇ ಎಡವಟ್ಟಾಯಿತು. ಮಧ್ಯಾಹ್ನ ಮನೆಗೆ ಬಂದವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಚಪ್ಪಲಿಯನ್ನೂ ಬಿಡದೆ ಬೆಂಚಿನ ಮೇಲೆ ಕೂತು ಅತ್ತಳು.

"ಅಳತೆ ಸರಿಯಾಗೇ ತಗೊಂಡಿದ್ದೆ ಅತ್ತೆ. ಕತ್ತರಿಸೋವಾಗ ಕೈ ತಾನಾಗೇ ಅರ್ಧ ಇಂಚು ಹೆಚ್ಚಿಗೆ ಒಳಗೆ ಬಿಡ್ತು. ತೊಡಿಸಿದ್ರೆ ಲೊಡಲೊಡ. ಯಾಕೆ ಬಿಟ್ಟೆ ಅಂತ ಪರೀಕ್ಷೆ ನೋಡ್ತಿದ್ದ ಮೇಡಂ ಕೇಳಿದ್ರು. ನಾಳೆ ಮೈ ಬಂದ್ರೆ ಬಿಚ್ಚಿ ಹೊಲೀಬಹುದಲ್ಲಾ ಅಂದುಬಿಟ್ಟೆ. ಪಕ್ಕದಲ್ಲಿದ್ದವರೆಲ್ಲ ನಕ್ಕರು."

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಣ್ಣನ ಅಂಗಡಿಯಲ್ಲಿ ಒಳಗೆ ಬಟ್ಟೆ ಬಿಡದೆ ಹೊಲಿದ ಒಂದೇ ಒಂದು ಅಂಗಿ ಇಲ್ಲ. ಗಿರಾಕಿ ದಪ್ಪಗಾಗುತ್ತಾನೆ, ಮಗು ಬೆಳೆಯುತ್ತದೆ, ಒಳಗೆ ಬಿಟ್ಟಿದ್ದರೆ ಇನ್ನೆರಡು ವರ್ಷ ಬರುತ್ತದೆ ಎಂದು ಅವಳಿಗೆ ಕತ್ತರಿ ಹಿಡಿಯಲು ಕಲಿಸಿದ ದಿನದಿಂದ ತಲೆಗೆ ತುಂಬಿದವನು ಅವನು. ಮೆಷಿನ್ನು ನಿಂತಿತು. "ನಾನು ಕಲಿಸಿದ ತಪ್ಪು" ಎಂದ ಅಣ್ಣ.

ಮಾರನೇ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಜಡಿದ. ಜ್ವರ ಬಂದರೂ ಬಾಗಿಲು ಹಾಕದ ಆಸಾಮಿ! "ನಡೀರಿ, ಆ ಮೇಡಂ ಹತ್ರ ಹೋಗಿ ಹೇಳೋಣ" ಎಂದ. ಬೇಡ ಅಪ್ಪ, ಮಾನ ಹೋಗುತ್ತೆ ಎಂದು ಹುಡುಗಿ ಗೋಗರೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಅವನ ನಡಿಗೆಗೆ ನಾವಿಬ್ಬರೂ ಓಡಬೇಕಾಯಿತು. ಮೇಡಂ ತಮ್ಮ ಕೋಣೆಯಲ್ಲಿ ಯಾವುದೋ ಪ್ಲಾಸ್ಟರ್ ಅಚ್ಚನ್ನು ಉಜ್ಜುತ್ತ ಕೂತಿದ್ದರು. ಕೈಯೆಲ್ಲ ಬಿಳಿ ಪುಡಿ.

"ಮೇಡಂ, ಆ ಅರ್ಧ ಇಂಚಿನ ತಪ್ಪು ನಂದು" ಎಂದು ಅಣ್ಣ ಬಾಗಿಲಲ್ಲೇ ಶುರುಮಾಡಿದ. "ನಾನು ದರ್ಜಿ. ನಾನೇ ಹಾಗೆ ಕಲಿಸಿದ್ದು. ಮಗೂದೇನೂ ತಪ್ಪಿಲ್ಲ. ಇನ್ನೊಂದು ಸಲ ಮಾಡೋಕೆ ಬಿಡಿ."

ಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅಂಕ ಕಳೆದದ್ದು ಹೌದು. ಇದು ಸಡಿಲ ಆದ್ರೆ ಮನುಷ್ಯ ಬೀಳ್ತಾನೆ. ಆ ಅಭ್ಯಾಸ ನಾನು ಬಿಡಿಸ್ತೀನಿ. ಆದ್ರೆ ಉಳಿದವರೆಲ್ಲ ಟೇಪ್ ಹಿಡಿದು, ಅಳತೆ ಬರ್ಕೊಂಡು ಎದ್ದು ಹೋದ್ರು. ಇವಳು ಆ ಪೇಶೆಂಟನ್ನ ಕೂರಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ಅಳೆದ್ಳು. ಎಲ್ಲಿ ನೋಯುತ್ತೆ, ಸಾಯಂಕಾಲಕ್ಕೆ ಊದುತ್ತಾ ಅಂತ ಕೇಳಿದ್ಳು. ನಾವದನ್ನ ಎರಡನೇ ವರ್ಷದಲ್ಲಿ ಕಲಿಸೋದು. ಯಾರು ಹೇಳಿಕೊಟ್ರು?"

ಅಣ್ಣ ತಡವರಿಸಿದ. "ಅದು... ಪ್ಯಾಂಟಿಗೆ ಹಾಗೇ ಅಳೆಯೋದು ಮೇಡಂ."

"ಹೊರಗೆ ಬೋರ್ಡಿಗೆ ಸೀಟು ಸಿಕ್ಕವರ ಪಟ್ಟಿ ಹಾಕಿದೀವಲ್ಲ, ಬರುವಾಗ ನೋಡ್ಲಿಲ್ವಾ?"

ಅವನ ಅವಸರದಲ್ಲಿ ನೋಡುವುದೆಲ್ಲಿ ಬಂತು! ಹುಡುಗಿ ಆಗಲೇ ಕಾರಿಡಾರಿನಲ್ಲಿದ್ದಳು. ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಅಪ್ಪನ ತೋಳು ಹಿಡಿದು ಎಳೆದಳು.

"ತಪ್ಪು ನಂದು ಅಂದ್ಯಲ್ಲಪ್ಪ. ಹಾಗಾದ್ರೆ ಇದೂ ನಿಂದೇ. ಓದು."

ಗಡಿಬಿಡಿಯಲ್ಲಿ ಅಣ್ಣ ಕನ್ನಡಕ ಮರೆತು ಬಂದಿದ್ದ. ಬೋರ್ಡಿಗೆ ಮೂಗು ತಾಗಿಸಿದರೂ ಅಕ್ಷರ ಗುರುತಾಗಲಿಲ್ಲ. ನಾನೇ ಓದಿದೆ. ಮನೆಯಲ್ಲಿ ಯಾರೂ ಕರೆಯದ ಅವಳ ಪೂರ್ತಿ ಹೆಸರು. ಅದರ ಪಕ್ಕದಲ್ಲಿ, ತಂದೆ ಎಂಬ ಕಡೆ, ಅವನ ಹೆಸರು.

"ಅದನ್ನೂ ಹಾಕಿದಾರಾ?" ಎಂದ ಅಣ್ಣ. ಇನ್ನೊಂದು ಸಲ ಓದು ಎಂದ. ಓದಿದೆ.