ಗುಲಾಬಿ ಸಾಲಿನ ನಡುವೆ ತುಂಬೆ

ಹರಪನಹಳ್ಳಿಯ ಕೆರೆ ಪಕ್ಕದ ಉದ್ಯಾನದಲ್ಲಿ ನಮ್ಮ ಓಣಿಯ ಹೆಂಗಸರಿಗೆ ಒಂದು ಮೂಲೆ ಬಿಟ್ಟುಕೊಟ್ಟಿದ್ದರು. ಹೂವಿನ ಗಿಡ ಹಾಕಿ, ಬಂದವರು ಒಂದು ಗಳಿಗೆ ಕೂತು ಹೋಗುವಂತೆ ಮಾಡಿ ಎಂದು. ಉಳಿದವರಿಗೆ ಪುರುಸೊತ್ತಾಗದೆ ಆ ಮೂಲೆ ಮೆಲ್ಲಗೆ ನನ್ನದೇ ಆಯಿತು. ನನ್ನ ಕಣ್ಣಲ್ಲಿದ್ದುದು ನಾನು ಓದಿದ ಕಾನ್ವೆಂಟಿನ ಅಂಗಳ: ನೇರ ಸಾಲಿನ ಗುಲಾಬಿ, ನಡುವೆ ಬರೀ ಕೆಂಪು ಮಣ್ಣು. ಅಲ್ಲಿನ ಸಿಸ್ಟರ್ ಒಬ್ಬರು ಹುಲ್ಲಿನ ಒಂದೆಸಳನ್ನೂ ಉಳಿಸುತ್ತಿರಲಿಲ್ಲ.

ಮಳೆ ಬಿದ್ದ ಮೇಲೆ ನನ್ನ ಗುಲಾಬಿಗಳ ನಡುವೆ ಮೊಣಕಾಲುದ್ದ ತುಂಬೆ ಎದ್ದಿತು. ಶ್ರಾವಣದ ಒಂದು ಭಾನುವಾರ ಸಂಜೆ ಉದ್ಯಾನದ ಮಾಲಿ ಚಾಚಾಗೆ ಹೇಳಿ ಎಲ್ಲ ಕೀಳಿಸಿದೆ.

"ಇರ್ಲಿ ಬಿಡ್ರಿ ಅಕ್ಕಾರ. ಇದಕ್ಕ ಮಂದಿ ಬರ್ತಾರ," ಎಂದರು ಅವರು.

"ಕಳಿ ನೋಡಾಕ ಯಾರ್ ಬರ್ತಾರ ಚಾಚಾ?" ಎಂದೆ.

ಅವರು ಬೇರುಸಹಿತ ಕಿತ್ತದ್ದನ್ನೆಲ್ಲ ಪಂಪಿನ ಕೋಣೆಯ ಹಿಂದಿನ ತಿಪ್ಪೆಗೆ ಹಾಕಿ ಬಂದರು. ರಾತ್ರಿ ಹನಿ ಮಳೆಯಾಯಿತು.

ಬೆಳಿಗ್ಗೆ ಹೋದಾಗ ಕೆರೆಯ ಮೇಲೆ ಬೆಳ್ಳಗಿನ ಹೊಗೆಯಂಥ ಮಂಜು. ನೀರು ಎಲ್ಲಿ ಮುಗಿದು ದಂಡೆ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ನನ್ನ ಮೂಲೆಯಲ್ಲಿ ಒಬ್ಬ ಅಜ್ಜಿ ಸ್ಟೀಲ್ ಬಟ್ಟಲು ಹಿಡಿದು ನೆಲ ನೋಡುತ್ತ ನಿಂತಿದ್ದರು, ಕಳೆದುಹೋದ ಓಲೆ ಹುಡುಕುವವರಂತೆ.

"ಇಲ್ಲಿ ತುಂಬಿ ಗಿಡ ಇದ್ವಲ್ಲ ಯವ್ವಾ?"

ತೆಲಿಗಿಯಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ಸೊಸೆಗೆ ದಿನ ತುಂಬಿತ್ತು. ಸುಸೂತ್ರ ಹೆರಿಗೆಯಾಗಲಿ ಎಂದು ಶ್ರಾವಣದ ನಾಲ್ಕು ಸೋಮವಾರ ಶಿವನಿಗೆ ಒಂದು ಬಟ್ಟಲು ತುಂಬೆ ಹೂವಿನ ಹರಕೆ. ಎರಡು ಸೋಮವಾರ ಇಲ್ಲಿಂದಲೇ ಒಯ್ದಿದ್ದರು.

"ಹೊಲದಾಗ ಸಿಗಂಗಿಲ್ಲೇನ್ರಿ ಅಜ್ಜಿ?"

"ಎಲ್ಲಿದು. ಮೆಕ್ಕಿಜ್ವಾಳಕ್ಕ ಕಳಿ ಸಾಯೋ ಎಣ್ಣಿ ಹೊಡದೂ ಹೊಡದೂ ಬದುವಿನ್ಯಾಗೂ ಒಂದು ಉಳದಿಲ್ಲ. ತಪ್ಪಿದ್ರ ಹೆಂಗವ್ವಾ? ಆಕಿ ಮಾರಿ ಹೆಂಗ ನೋಡ್ಲಿ?"

ಕೀಳಿಸಿದವಳು ನಾನೇ ಎಂದು ಹೇಳಿದೆ. ಅವರು ಬೈಯಲಿಲ್ಲ. ಅದೇ ಕಷ್ಟವಾಯಿತು.

ಮಾತು ಕೇಳಿಸಿಕೊಂಡು ಬಂದ ಚಾಚಾ ನಮ್ಮನ್ನು ತಿಪ್ಪೆಯ ಹತ್ತಿರ ಕರೆದೊಯ್ದರು. ರಾಶಿಯಾಗಿ ಬಿದ್ದಿದ್ದರೂ ಮಳೆಯಲ್ಲಿ ನೆನೆದ ತುಂಬೆ ಬಾಡಿರಲಿಲ್ಲ. ಯಾರೋ ಅಕ್ಕಿ ಚೆಲ್ಲಿದಂತೆ ಹೂವು. ಅಜ್ಜಿ ಚಾಚಿದ ಕೈ ಹಿಂದಕ್ಕೆ ತೆಗೆದರು.

"ತಿಪ್ಪಿ ಮ್ಯಾಲಿಂದು ಸಾಮಿಗೆ ಹೆಂಗ ಏರಸ್ಲಿ ಸಾಬ್ರ? ಗಿಡ ನೆಲದಾಗ ನಿಂತಿರ್ಬೇಕು."

"ಅಷ್ಟ ಹೌದಲ್ಲ? ನಿಂದರ್ಸೋಣ ತಗಳ್ರಿ," ಎಂದರು ಚಾಚಾ.

ಮೂವರೂ ಹೊತ್ತು ತಂದೆವು. ಚಾಚಾ ಗುದ್ದಲಿಯಿಂದ ಗುಂಡಿ ತೋಡಿದರು, ನಾನು ಗಿಡ ಹಿಡಿದೆ, ಅಜ್ಜಿ ಮಣ್ಣು ಒತ್ತಿ ನೀರು ಹಾಕಿದರು. ಸಾಲು ಗೀಲು ನೋಡಲಿಲ್ಲ, ಜಾಗ ಸಿಕ್ಕಲ್ಲೆಲ್ಲ ನೆಟ್ಟೆವು.

"ಈಗ ಬಿಡಸ್ರಿ," ಎಂದೆ.

"ತಡಿಯವ್ವಾ, ಬೇರಿಗೆ ಒಂಚೂರು ಪುರುಸೊತ್ತು ಕೊಡು."

ಕೂತೆವು. ಮಂಜು ಕರಗಿ ಬಿಸಿಲು ಬಂತು; ಆ ಬಿಸಿಲಿಗೆ ನಮಗೆ ಜೊಂಪು ಹತ್ತಿತೋ ಏನೋ, ಹೊತ್ತು ಹೋದದ್ದು ತಿಳಿಯಲಿಲ್ಲ. ಅಜ್ಜಿಯ ಬಳೆಯ ಮೇಲೊಂದು ಇರುವೆ ಸುತ್ತು ಹಾಕುತ್ತಲೇ ಇತ್ತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದರೂ ಅವರು ಏಳಲಿಲ್ಲ. ಬಾಗಿದ್ದ ಒಂದು ಗಿಡ ನೋಡುತ್ತಿದ್ದಂತೆಯೇ ಕೂದಲೆಳೆಯಷ್ಟು ನೆಟ್ಟಗಾಯಿತು ಅನ್ನಿಸಿತು. ಆಗ ಸಣ್ಣ ಜೇನುಹುಳವೊಂದು ಎಲ್ಲಿಂದಲೋ ಬಂದು, ಗುಲಾಬಿಗಳನ್ನು ದಾಟಿ, ತುಂಬೆಯ ಬಿಳಿ ತುಟಿಯೊಳಗೆ ತಲೆ ತೂರಿಸಿತು.

"ಹುಳಕ್ಕ ಗೊತ್ತಾತು ನೋಡು, ಗಿಡ ನಿಂತತಿ ಅಂತ," ಅಜ್ಜಿ ಸೆರಗು ಕಟ್ಟಿಕೊಂಡು ಎದ್ದರು. "ಸಾಮಿಗೂ ಗೊತ್ತಾಗ್ತತಿ."

ಹುಳ ಕೂತ ಗಿಡ ಬಿಟ್ಟು, ಉಳಿದವುಗಳಿಂದ ಒಂದೊಂದೇ ಹೂವು ಬಿಡಿಸಿ ಬಟ್ಟಲು ತುಂಬಿಸಿಕೊಂಡು ಹೋದರು. ಆ ಬಟ್ಟಲಿಗೆ ಇನ್ನೂ ಒಂದು ಸೋಮವಾರದ ಹೂವು ಬೇಕಿತ್ತು.

"ಮತ್ತ ಕೀಳ್ಲೇನ್ರಿ ಅಕ್ಕಾರ?" ಚಾಚಾ ಮೀಸೆಯೊಳಗೇ ನಗುತ್ತಿದ್ದರು.

ನಾನು ಕೊಡ ತಗೊಂಡು ನೀರಿಗೆ ಹೋದೆ.