ಶಿವಗಂಗಿಯ ಎಡಮಂಡಿ

ಗೋವಿಂದರಾಜನಗರದ ವಠಾರದಲ್ಲಿದ್ದ ಶಿವಗಂಗಿಗೆ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹತ್ತೊಂಬತ್ತು ವರ್ಷ. ಹಗಲು ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಸಂಜೆ ರಾಜಾಜಿನಗರದ ಬಯಲಿನಲ್ಲಿ ಖೋ ಖೋ. ಅಲ್ಲಿ ಆಟ ಕಲಿಸುತ್ತಿದ್ದ ರೇವಣಸಿದ್ದಪ್ಪ ಮೇಷ್ಟ್ರಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧಿ, ಬಸ್ಕಿ. ಸೋತರೆ ನೂರು, ತಡವಾಗಿ ಬಂದರೆ ನೂರು, ಕಾಲು ನೋಯುತ್ತದೆ ಎಂದರೆ ಇನ್ನೂರು.

ಕೂತಲ್ಲಿಂದ ಚಂಗನೆ ಏಳುವುದೇ ಆ ಆಟದ ಜೀವ. ವಾರದ ಏಳೂ ದಿನ ಎದ್ದೂ ಎದ್ದೂ ಅವಳ ಎಡಮಂಡಿಯ ಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ನೋವು ಠಿಕಾಣಿ ಹೂಡಿತು. ಮೊದಲು ಆಟ ಮುಗಿದ ಮೇಲೆ ನೋಯುತ್ತಿತ್ತು, ಆಮೇಲೆ ಆಡುವಾಗಲೇ, ಕೊನೆಗೆ ಬಸ್ಸಿನ ಮೆಟ್ಟಿಲಿಳಿದರೂ ಸಾಕು. ಮೇಷ್ಟ್ರಿಗೆ ಹೇಳಿದಳು. ಅವರು ಎಲ್ಲರೆದುರು ಇನ್ನೂರು ಬಸ್ಕಿ ಹೊಡೆಸಿದರು. ನೂರಾ ನಲವತ್ತಕ್ಕೆ ಕುಸಿದಾಗ, “ಸೋಗು ಹಾಕ್ತಾಳೆ ಕಣ್ರೇ. ಮನೇಲಿ ಮುದ್ದೆ ತಿರುವ್ಕೊಂಡಿರು ಹೋಗಮ್ಮ” ಎಂದು ನಕ್ಕು ತಂಡದ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಗೆಳತಿಯರೂ ನಕ್ಕರು. ಈ ಮನುಷ್ಯ ಇದೇ ಬಯಲಿನಲ್ಲಿ ಮಣ್ಣು ಮುಕ್ಕಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು ಎಂದು ಶಿವಗಂಗಿ ಹಲ್ಲು ಕಚ್ಚಿಕೊಂಡಳು.

ಅವ್ವ ಬಿಸಿ ಹರಳೆಲೆ ಕಟ್ಟಿ ಎರಡು ವಾರ ಮಲಗಿಸಿದಳು. ನೋವು ಹೋಯಿತು. ಓಡಿದ ದಿನವೇ ಮರಳಿ ಬಂತು. ಆಗ ಕೈಹಿಡಿದವರು ಅದೇ ವಠಾರದ ಲಿಂಗಮ್ಮ, ಆಸ್ಪತ್ರೆಯಲ್ಲಿ ರೋಗಿಗಳ ಕೈಕಾಲಿಗೆ ವ್ಯಾಯಾಮ ಮಾಡಿಸಿ ನಿವೃತ್ತರಾಗಿದ್ದವರು.

“ಮೂಳೆ ಅಲ್ಲ ಕಣೇ, ಚಿಪ್ಪನ್ನ ಕಾಲಿಗೆ ಕಟ್ಟಿರೋ ಹುರಿ ಇದು. ಬಿಡುವಿಲ್ದೆ ಎಳೆದ್ರೆ ನಾರುನಾರಾಗತ್ತೆ. ಹಾಗಂತ ಮಲಗೇ ಇದ್ರೆ ಬಲಾನೂ ಬರಲ್ಲ. ಓಟ, ನೆಗೆತ ಸದ್ಯಕ್ಕೆ ಬಂದ್. ಮೊದ್ಲು ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು ತಡ್ಕೊ. ಆಮೇಲೆ ಒಂದೇ ಕಾಲಲ್ಲಿ ನಿಧಾನಕ್ಕೆ ಇಳಿಯೋದು ಕಲಿ.”

“ಮತ್ತೆ ಬಸ್ಕಿನಾ, ಲಿಂಗಮ್ನೋರೇ?”

“ನಿಮ್ಮ ಮೇಷ್ಟ್ರು ಎಷ್ಟು ಸಲ ಅಂತ ಎಣಿಸ್ತಾರೆ. ನೀನು ಎಷ್ಟು ಹೊತ್ತು ಅಂತ ಎಣಿಸು. ಇಳಿಯೋಕೆ ಎಂಟು. ಏಳೋವಾಗ ಎರಡೂ ಕಾಲು ಊರು.”

ನಲ್ಲಿಯ ಪಕ್ಕದ ಒಗೆಯುವ ಕಲ್ಲು ಇಳಿಜಾರಾಗಿತ್ತು. ಹಿಮ್ಮಡಿ ಮೇಲಕ್ಕೆ, ಬೆರಳು ಕೆಳಕ್ಕೆ ಮಾಡಿ ಅದರ ಮೇಲೆ ನಿಂತು ಅವಳು ಇಳಿಯುತ್ತಿದ್ದಳು. ಒಂದು, ಎರಡು ಎಂದು ಎಣಿಸಲಿಲ್ಲ. ರೇ, ವ, ಣ, ಸಿ, ದ್ದ, ಪ್ಪ, ಮೇ, ಷ್ಟ್ರು. ಸರಿಯಾಗಿ ಎಂಟು. ಬೆಳಿಗ್ಗೆ ಹದಿನೈದು ಸಲ, ಸಂಜೆ ಹದಿನೈದು ಸಲ ಆ ಹೆಸರನ್ನು ತುಳಿದಳು. ಬಟ್ಟೆ ಒಗೆಯಲು ಬಂದ ಹೆಂಗಸರು ಏನೋ ಜಪವೆಂದುಕೊಂಡು ಭಕ್ತಿಯಿಂದ ಕಾಯುತ್ತಿದ್ದರು. ನೋವು ಕೆರಳಿದ ದಿನ ಕಡಿಮೆ ಮಾಡಿದಳು. ನಾಲ್ಕು ತಿಂಗಳಿಗೆ ಓಟ, ಆರಕ್ಕೆ ನೆಗೆತ. ವಿಜಯನಗರದ ತಂಡ ಸೇರಿದ ಮೇಲೂ ಒಂದು ದಿನ ಆಡಿದರೆ ಮಾರನೆಯ ದಿನ ಬಿಡುವು.

ಮರುವರ್ಷದ ದಸರಾ ಪಂದ್ಯದಲ್ಲಿ ಎದುರಾಳಿ ರೇವಣಸಿದ್ದಪ್ಪನವರ ತಂಡ. ಅವರ ಸಾಲಿನಲ್ಲಿ ಕೂತಿದ್ದ ನೀಲ ಎಂಬ ಹುಡುಗಿ ‘ಖೋ’ ಎಂದಾಗಲೆಲ್ಲ ಮಂಡಿಗೆ ಕೈಯೂರಿ ಏಳುತ್ತಿದ್ದಳು. ಅದು ಯಾವ ನೋವೆಂದು ಶಿವಗಂಗಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಆ ಹುಡುಗಿಯ ಸುತ್ತಮುತ್ತಲೇ ಸುಳಿದಾಡಿ, ಐದು ನಿಮಿಷ ಯಾರ ಕೈಗೂ ಸಿಗದೆ ಆಡಿಸಿದಳು. ಮೇಷ್ಟ್ರ ತಂಡ ಸೋತಿತು. ಅವಳಿಗೆ ಪಾಯಸ ಉಂಡಷ್ಟು ಹಿತವಾಯಿತು.

ಆದರೆ ಮೇಷ್ಟ್ರು ಎದೆಯುಬ್ಬಿಸಿ ಬಂದು ಅತಿಥಿಗಳಿಗೆ ಅವಳನ್ನು ತೋರಿಸಿದರು. “ನಮ್ಮ ಬಸ್ಕೀಲಿ ಪಳಗಿದ ಕಾಲು ಸಾರ್ ಇದು! ನಾನೇ ತಯಾರು ಮಾಡಿದ ಹುಡುಗಿ!” ಜನ ಚಪ್ಪಾಳೆ ಹೊಡೆದರು. ಗೆದ್ದದ್ದನ್ನೂ ಕಿತ್ತುಕೊಂಡನಲ್ಲ ಎಂದು ಶಿವಗಂಗಿಗೆ ಮೈಯೆಲ್ಲ ಉರಿಯಿತು. ಅತ್ತ ನೀಲ ಒಬ್ಬಳೇ ಮಂಡಿ ಹಿಡಿದು ಅಳುತ್ತಿದ್ದಳು. ಆ ಮುಖ ನೋಡಿ ನಾಚಿಕೆಯಾಯಿತು, ಜೊತೆಗೇ ಸೇಡಿಗೆ ಇನ್ನೊಂದು ದಾರಿಯೂ ಹೊಳೆಯಿತು.

“ಚಿಪ್ಪಿನ ಕೆಳಗಾ?” ಎಂದು ಹತ್ತಿರ ಹೋಗಿ ಕೇಳಿದಳು. ನೀಲ ಹೌದೆಂದು ತಲೆಯಾಡಿಸಿದಳು. “ನಾಳೆ ನಮ್ಮ ವಠಾರಕ್ಕೆ ಬಾ. ಮೇಷ್ಟ್ರಿಗೆ ಹೇಳ್ಬೇಡ.”

ನೀಲ ಬಂದಳು, ಕುಂಟುವ ಇನ್ನಿಬ್ಬರನ್ನೂ ಕರೆತಂದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ವಾಸಿಯಾದವರು ಯಾರೂ ಹಳೆಯ ಬಯಲಿಗೆ ಹಿಂದಿರುಗಲಿಲ್ಲ, ಶಿವಗಂಗಿಯ ತಂಡವನ್ನೇ ಸೇರಿದರು. ಎಪ್ಪತ್ತೇಳರ ದಸರಾ ಹೊತ್ತಿಗೆ ರೇವಣಸಿದ್ದಪ್ಪನವರಿಗೆ ತಂಡಕ್ಕೆ ಬೇಕಾದ ಒಂಬತ್ತು ಹುಡುಗಿಯರೇ ಇರಲಿಲ್ಲ. ವಿಜಯನಗರದ ಬಯಲಿಗೆ ತಾವೇ ಬಂದರು. “ಇಬ್ಬರನ್ನಾದ್ರೂ ಕಳಿಸಮ್ಮ, ಮಾನ ಹೋಗತ್ತೆ.”

“ನೀವೇ ಕೇಳಿ ನೋಡಿ ಸಾರ್” ಎಂದಳು ಶಿವಗಂಗಿ.

ಮೇಷ್ಟ್ರು ಸಾಲಾಗಿ ಕೂತಿದ್ದ ಹುಡುಗಿಯರ ಕಡೆ ತಿರುಗಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಒಬ್ಬಳೂ ಏಳಲಿಲ್ಲ.