ಅಂಟಾರ್ಟಿಕಾದ ಮಡಿ

ಊಟ ಮುಗಿಸಿ ಹೋಟೆಲಿನಿಂದ ಹೊರಬೀಳುವಾಗ ಬಾಗಿಲ ಬಳಿಯ ಬಟ್ಟಲಿನಿಂದ ಒಂದು ಚಮಚ ಸೋಂಪು ತೆಗೆದುಕೊಳ್ಳದ ಭಾರತೀಯನನ್ನು ನಾನಂತೂ ನ್ಯೂಜೆರ್ಸಿಯಲ್ಲಿ ನೋಡಿಲ್ಲ. ನನ್ನದು ಇನ್ನೂ ಒಂದು ಕೈ ಹೆಚ್ಚು. ಒಂದು ಚಮಚ ಬಾಯಿಗೆ, ಇನ್ನೊಂದು ಕೋಟಿನ ಜೇಬಿಗೆ. ಓಲ್ಡ್ ಬ್ರಿಡ್ಜ್‌ನಿಂದ ಬ್ರಿಡ್ಜ್‌ವಾಟರಿಗೆ ದಿನಾ ಕಮ್ಯೂಟ್ ಮಾಡುವವನಿಗೆ ಟ್ರಾಫಿಕ್ಕಿನಲ್ಲಿ ಅಗಿಯಲು ಏನಾದರೂ ಬೇಕಲ್ಲ! ಈ ಚಟ ಒಂದು ಇಡೀ ಖಂಡದ ಬಾಗಿಲಲ್ಲಿ ನನ್ನ ಮಾನ ಕಳೆಯುತ್ತದೆಂದು ನನಗೇನು ಗೊತ್ತಿತ್ತು?

ಎರಡು ಸಾವಿರನೇ ಇಸವಿ ಹುಟ್ಟಿದ ಗಳಿಗೆಗೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಹೆದರಿ ನಾವೆಲ್ಲ ಹಗಲಿರುಳು ದುಡಿದಿದ್ದೆವು. ಏನೂ ಕೆಡಲಿಲ್ಲ. ಕೆಡದಂತೆ ನೋಡಿಕೊಂಡವನು ನಾನೇ ಎಂದು ಇವತ್ತಿಗೂ ನಂಬಿದ್ದೇನೆ. ಆಮೇಲೆ ಕೂಡಿಬಿದ್ದ ರಜೆಯನ್ನು ಮುಗಿಸಿ ಎಂದು ಆಫೀಸು ದುಂಬಾಲು ಬಿತ್ತು. ನನ್ನ ಹೆಂಡತಿ ಗಿರಿಜಾ, “ಹಿಮಾ ನೋಡಬೇಕ್ರಿ” ಎಂದಳು.

“ಡ್ರೈವ್‌ವೇ ತುಂಬ ಬಿದ್ದಿದೆ, ಬಾ, ಶವೆಲ್ ಮಾಡು” ಎಂದೆ.

“ಅದಲ್ಲ. ಯಾರೂ ಶವೆಲ್ ಮಾಡಲಾರದ ಹಿಮಾ.”

ಅವಳು ಧಾರವಾಡದವಳು. ಮದುವೆಗೆ ಮುಂಚೆ ಅಲ್ಲಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ನಕಾಶೆಯ ತಳದಲ್ಲಿ ಬೆಳ್ಳಗೆ ಬಿದ್ದಿರುವ ಖಂಡವನ್ನು ಮಕ್ಕಳಿಗೆ ಕೋಲಿನಿಂದ ತೋರಿಸಿದ್ದಳೇ ಹೊರತು ಅಲ್ಲಿಗೆ ಹೋಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಮೈಸೂರಿನವನು, ಮೇಲಾಗಿ ಪ್ರಾಜೆಕ್ಟ್ ಮ್ಯಾನೇಜರು. ನಾಲ್ಕು ಪುಟದ ಚೆಕ್‌ಲಿಸ್ಟ್ ಮಾಡಿದೆ. ತೂಕ ಉಳಿಸಲೆಂದು ಎರಡನೇ ಕೋಟನ್ನು ಅದರಿಂದ ಹೊಡೆದುಹಾಕಿದ್ದೂ ನಾನೇ.

ಅರ್ಜೆಂಟೀನಾದ ತುದಿಯಿಂದ ಹೊರಟ ಪುಟ್ಟ ಹಡಗು ಎರಡು ದಿನ ನಮ್ಮನ್ನು ಜೋಳ ಕೇರಿದಂತೆ ಕೇರಿತು. ಮೂರನೆಯ ದಿನ ಸಮುದ್ರ ಶಾಂತವಾದಾಗ ನಿಯಮಗಳ ಪಾಠ ಶುರು. ದಡದಲ್ಲಿ ಏನೂ ತಿನ್ನಬಾರದು, ಏನೂ ಬಿಡಬಾರದು, ಕೂರಬಾರದು, ದೇಹಬಾಧೆಯನ್ನಂತೂ ಹಡಗಿನಲ್ಲೇ ತೀರಿಸಿಕೊಂಡು ಬರಬೇಕು. ಪೆಂಗ್ವಿನ್‌ನಿಂದ ಐದು ಮೀಟರ್ ದೂರ. ಹೋಗುವಾಗಲೂ ಬರುವಾಗಲೂ ಬೂಟನ್ನು ಔಷಧಿ ನೀರಿನಲ್ಲಿ ಅದ್ದಬೇಕು. ಕೇಳುತ್ತ ಕೇಳುತ್ತ ನನಗೆ ನಗು ತಡೆಯಲಾಗಲಿಲ್ಲ. ಅರೆ, ಇದು ನಮ್ಮಜ್ಜಿಯ ಮಡಿ! ಅಜ್ಜಿ ಮಡಿಯುಟ್ಟು ನೀರು ತರುವಾಗ ನಾವು ಮೊಮ್ಮಕ್ಕಳು ಗೋಡೆಗೆ ಅಂಟಿಕೊಂಡು ನಿಲ್ಲಬೇಕಿತ್ತು. ಪಾತ್ರೆ ತೊಳೆಯುವ ನಿಂಗಮ್ಮ ಹಿತ್ತಿಲಿನಿಂದ ಒಳಗೆ ಬರುವಂತೆಯೇ ಇರಲಿಲ್ಲ. ಕಾಲೇಜಿಗೆ ಹೋದ ಮೇಲೆ ನಾನು ಅದನ್ನೆಲ್ಲ ಆಡಿಕೊಂಡು ನಕ್ಕವನು, ಅಜ್ಜಿಯೊಡನೆ ಜಗಳ ಆಡಿದವನು. ಈಗ ನೋಡಿದರೆ ಮಡಿ ಕಲಿಯಲು ಸಾಲಿನಲ್ಲಿ ನಿಂತಿದ್ದೆ.

ಮೊದಲ ರಬ್ಬರ್ ದೋಣಿ ಇಳಿಯುವ ಮುಂಚೆ ಎಲ್ಲರ ಬಟ್ಟೆಗಳ ತಪಾಸಣೆ. ಬೇರೆ ನಾಡಿನ ಒಂದು ಬೀಜವೂ ಅಲ್ಲಿ ಬೀಳಬಾರದಂತೆ. ಹಡಗಿನ ಜೀವಶಾಸ್ತ್ರಜ್ಞೆ, ನನ್ನ ಮಗಳ ವಯಸ್ಸಿನವಳು, ಗಿರಿಜಾಳ ಕೋಟನ್ನು ನೋಡಿ ಸರಿಯಿದೆ ಎಂದು ತಲೆಯಾಡಿಸಿದಳು. ನನ್ನ ಸರದಿ. ಜೇಬುಗಳನ್ನು ಠೀವಿಯಿಂದ ಹೊರಕ್ಕೆ ತಿರುಗಿಸಿ ತೋರಿಸಿದೆ. ಒಂದರ ತಳದಲ್ಲಿ ತೂತಿತ್ತು. ಅವಳು ಬಗ್ಗಿ ಕೋಟಿನ ಅಂಚನ್ನು ಬೆರಳಿನಲ್ಲಿ ಹೊಸಕಿದಳು. ಚರಚರ ಸದ್ದಾಯಿತು.

ತೂತಿನಿಂದ ಚಿಮಟ ಇಳಿಸಿ ಹಸಿರು ಸೋಂಪು ತೆಗೆದಳು. ಆಮೇಲೆ ಸಕ್ಕರೆ ಮೆತ್ತಿದ ಗುಲಾಬಿ ಬಣ್ಣದ್ದು. ಹಳದಿಯದು. ವರ್ಷಗಟ್ಟಲೆ ಉದುರಿದ್ದೆಲ್ಲ ಅಸ್ತರಿನ ಒಳಗೆ ಸೇರಿಕೊಂಡಿತ್ತು.

“ವಾಟ್ ಈಸ್ ದಿಸ್, ಸರ್?”

“ಮೌತ್ ಫ್ರೆಷ್ನರ್” ಎಂದೆ. ಹುರಿದದ್ದು ಮೊಳೆಯುವುದಿಲ್ಲ ಎಂದು ವಾದಿಸಿದೆ. ಅವಳು ನಯವಾಗಿಯೇ, ಈ ಕೋಟು ದಡಕ್ಕೆ ಹೋಗುವಂತಿಲ್ಲ, ಕೊನೆಯ ದೋಣಿಗೆ ಇನ್ನು ಒಂದು ಗಂಟೆ ಇದೆ ಎಂದಳು. ಸಂಜೆಗೆ ಗಾಳಿ ಏಳುವ ಸೂಚನೆಯಿತ್ತು. ಇನ್ನೊಮ್ಮೆ ಇಳಿಸುವ ಭರವಸೆ ಇಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಬಟ್ಟೆಗೆ ಬೀಜ ತಗಲೀತೆಂಬ ಎಚ್ಚರಿಕೆ, ಅಷ್ಟೇ. ಆದರೂ ಚುರುಕ್ಕೆಂದಿತು. ನಿಂಗಮ್ಮನ ಮುಖ ಎಷ್ಟೋ ವರ್ಷಗಳ ಮೇಲೆ ನೆನಪಾಯಿತು.

“ಏನ್ರೀ, ಅಂಟಾರ್ಟಿಕಾಕ್ಕೂ ಬಡೇಸೋಪು ತಂದೀರೇನು!” ಗಿರಿಜಾ ಹಣೆ ಚಚ್ಚಿಕೊಂಡಳು. “ನೀವು ಬರಲಿಲ್ಲಂದ್ರೂ ನಾ ಹೋಗಿ ಬರತೇನಿ. ಫೋಟೋ ತೋರಸ್ತೇನಿ, ಚಿಂತಿ ಮಾಡಬ್ಯಾಡ್ರಿ.”

ಹಾಗೆ ಹೇಳಿದವಳು ಮೊದಲ ದೋಣಿ ಹತ್ತಲಿಲ್ಲ, ಎರಡನೆಯದನ್ನೂ ಬಿಟ್ಟಳು. ಸಣ್ಣ ಕತ್ತರಿ ಕೇಳಿ ಪಡೆದು ಕೋಟಿನ ಅಸ್ತರನ್ನು ಅಂಚಿನುದ್ದಕ್ಕೂ ಬಿಚ್ಚಿದಳು. ಮೂವರೂ ಮೇಜಿನ ಸುತ್ತ ಕೂತು ಅಕ್ಕಿ ಆರಿಸಿದ ಹಾಗೆ ಸೋಂಪು ಆರಿಸಿದೆವು. ಆ ಹುಡುಗಿ ಎರಡು ಸಲ ವ್ಯಾಕ್ಯೂಮ್ ಹಿಡಿದಳು, ಅಸ್ತರನ್ನು ಬೆಳಕಿಗೊಡ್ಡಿ ನೋಡಿದಳು. ಕೊನೆಯ ದೋಣಿಯ ಕೂಗು ಬಂದಾಗ, “ಯು ಆರ್ ಕ್ಲೀನ್” ಎಂದಳು. ಇಷ್ಟು ಖುಷಿ ನನಗೆ ಗ್ರೀನ್ ಕಾರ್ಡ್ ಬಂದಾಗಲೂ ಆಗಿರಲಿಲ್ಲ.

ಅಸ್ತರು ಜೋಲುವ ಕೋಟಿನಲ್ಲೇ ದಡಕ್ಕೆ ಇಳಿದೆ. ಗಿರಿಜಾ ಹಿಮ ನೋಡುತ್ತ ನಿಂತುಬಿಟ್ಟಿದ್ದಳು, ಕಣ್ಣು ತುಂಬಿತ್ತು. ಅಷ್ಟರಲ್ಲಿ ಒಂದು ಪೆಂಗ್ವಿನ್ ನೆಟ್ಟಗೆ ನನ್ನ ಕಡೆಗೇ ನಡೆದುಬಂತು. ಐದು ಮೀಟರ್ ನಿಯಮ ನಮಗೆ, ಅದಕ್ಕಲ್ಲ. ನಾನು ಕೈ ಮಡಚಿ, ಉಸಿರು ಬಿಗಿಹಿಡಿದು, ಕದಲದೆ ನಿಂತೆ. ನನ್ನಜ್ಜಿ ಹೀಗೆ ಮೈ ಹಿಡಿ ಮಾಡಿಕೊಂಡು ನಡೆಯುತ್ತಿದ್ದದ್ದು ಬೇರೆಯವರು ತನ್ನನ್ನು ಕೆಡಿಸಿಯಾರೆಂದು. ನಾನು ನಿಂತದ್ದು ನನ್ನಿಂದ ಇದು ಕೆಟ್ಟೀತೆಂದು. ಜಗಳವಾಡದೆ ಪಾಲಿಸಬಹುದಾದ ಮಡಿ ಇದೊಂದೇ ಅನ್ನಿಸಿತು.

ಪೆಂಗ್ವಿನ್ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿತು, ಹಿಂದಕ್ಕೆ ತಿರುಗಿತು, ಬಾಲ ಎತ್ತಿತು. ತೊಳೆದು ಥಳಥಳಿಸುತ್ತಿದ್ದ ನನ್ನ ಎರಡೂ ಬೂಟುಗಳ ಮೇಲೆ ಪಿಚಕ್ಕೆಂದು ಹಾರಿಸಿ, ಹಿಂತಿರುಗಿಯೂ ನೋಡದೆ ನಡೆದುಹೋಯಿತು.

ಗಿರಿಜಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಈಗ ಹೇಳ್ರಿ, ಯಾರು ಯಾರನ್ನ ಮೈಲಿಗಿ ಮಾಡಿದ್ರು?”